ರಾಜ ಹಾರಿದ ಭಾನುವಾರ

ಸಾಂತಾಕ್ರೂಜ್ ಬಿಟ್ಟು ಕಾಂದಿವಲಿಗೆ ಬಂದು ಹನ್ನೆರಡು ವರ್ಷವಾದರೂ, ಮುಂಬಯಿಯ ಲೋಕಲ್ ರೈಲು ಸಾಂತಾಕ್ರೂಜ್ ತಲುಪಿದೊಡನೆ ನನ್ನ ಅಪ್ಪಣೆಗೂ ಕಾಯದೆ ನನ್ನ ಶರೀರ ಎದ್ದು ನಿಲ್ಲುತ್ತದೆ. ನಾನು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಸೀಟು ಪರರ ಸ್ವತ್ತಾಗಿರುತ್ತದೆ. ಬುದ್ಧಿ ಬಿಟ್ಟದ್ದನ್ನು ದೇಹ ಬಿಡುವುದಿಲ್ಲ, ನೋಡಿ. ಇದರಿಂದ ನಾನು ಸೀಟುಗಳನ್ನಷ್ಟೇ ಅಲ್ಲ, ಒಂದು ಚಾಂಪಿಯನ್‌ಶಿಪ್ಪನ್ನೂ ಕಳೆದುಕೊಂಡಿದ್ದೇನೆ.

ನಮ್ಮ ಕನ್ನಡ ಸಂಘದ ಚದುರಂಗ ಸ್ಪರ್ಧೆಯನ್ನು ನಾಲ್ಕು ಸಲ ಗೆದ್ದ ಮಹಾಶೂರ ನಾನು. ಸಭಾಂಗಣದ ಗೋಡೆಯ ಫಲಕದಲ್ಲಿ ನನ್ನ ಹೆಸರು ನಾಲ್ಕು ಸಲ ರಾರಾಜಿಸುತ್ತದೆ. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತವರು ವಿಜಯಪುರದ ಕಡೆಯ ಮಲಕಪ್ಪ. ಆ ಸಭಾಂಗಣಕ್ಕೆ ಟೈಲ್ಸ್ ಹಾಕಿದವರು ಅವರೇ. "ನೆಲಾ ಎಲ್ಲಾ ನಂದ, ಸಾಹೇಬ್ರ. ಒಂದ ಸಲಾನರ ಗ್ವಾಡಿ ಮ್ಯಾಲೆ ಹೆಸರು ಬರಬೇಕ್ರಿ" ಎನ್ನುತ್ತಿದ್ದರು. ಅವರದು ಊರ ಕಟ್ಟೆಯ ಮೇಲೆ ಕಲಿತ ಹಳೆಯ ಆಟ. ಪುಸ್ತಕದ ನಿಯಮಗಳನ್ನು ಅವರಿಗೆ ಕಲಿಸಿದ ಗುರು ನಾನೇ ಎಂಬ ಗರ್ವ ನನಗೆ. ಮೈಸೂರಿನಲ್ಲಿ ನನ್ನ ಅಜ್ಜ ನನಗೆ ಕಲಿಸಿದ್ದೂ ಅದೇ ಹಳೆಯ ಆಟವೆಂಬುದನ್ನು ಮಾತ್ರ, ಬ್ಯಾಂಕ್ ಅಧಿಕಾರಿಯ ಘನತೆಗೆ ಕುಂದೆಂದು, ನಾನು ಬಾಯಿಬಿಟ್ಟಿರಲಿಲ್ಲ.

ಈ ವರ್ಷ ಐದನೆಯ ಫೈನಲ್. ಮಲಕಪ್ಪನವರ ಮಂತ್ರಿಯೂ ಆನೆಯೂ ನನ್ನ ರಾಜನನ್ನು ಮೂಲೆಗೊತ್ತಿದ್ದವು; ಇನ್ನೊಂದು ನಡೆಗೆ ನನ್ನ ಕಥೆ ಮುಗಿಯುವುದಿತ್ತು. ಆ ಗಾಬರಿಯಲ್ಲಿ ನನ್ನ ಕೈ ರಾಜನನ್ನೆತ್ತಿ ಕುದುರೆಯಂತೆ ಹಾರಿಸಿ ಕೂರಿಸಿಬಿಟ್ಟಿತು.

"ಅಂಕಲ್, ರಾಜಾ ಐಸೇ ನಹೀ ಚಲ್ತಾ, ಹೀಗೆ ನಡೆಯಲ್ಲ. ನಮ್ಮ ಸ್ಪರ್ಧೆಯ ರೂಲ್ ಪ್ರಕಾರ ನೀವು... ಔಟ್" ಎಂದಳು ತೀರ್ಪುಗಾರಳಾಗಿದ್ದ ಕಾಲೇಜು ಹುಡುಗಿ. ನೆರೆದವರು ನಕ್ಕರು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು.

"ನಗಬ್ಯಾಡ್ರಿ" ಎಂದರು ಮಲಕಪ್ಪ. "ಚೆಕ್ ಬಿದ್ದಿಲ್ಲಂದ್ರ ರಾಜ ಒಂದ ಸಲ ಹಿಂಗ ಹಾರಬಹುದು. ನಮ್ಮ ಹಳೀ ಆಟದಾಗ ಐತಿ. ಸಾಹೇಬ್ರಿಗೆ ಯಾರೋ ಹಿರಿಯಾರು ಕಲಿಸ್ಯಾರ. ಆ ನಡಿ ಹಂಗ ಇರ್ಲಿ, ಆಟ ನಡೀಲಿ."

ಐದು ವರ್ಷ ಕಾದ ಗೆಲುವು ಕೈಯಲ್ಲಿದ್ದಾಗ ಆ ಮನುಷ್ಯ ಅದನ್ನು ಪಕ್ಕಕ್ಕಿಟ್ಟು ನನ್ನ ಮಾನ ಉಳಿಸಿದರು. ನನ್ನ ರಾಜನಿಗೆ ಈಗ ದಾರಿಯಿತ್ತು. ಆಡಿದ್ದರೆ ಐದನೆಯ ಸಲವೂ ಗೆಲ್ಲುತ್ತಿದ್ದೆನೇನೋ. ನಾನು ಸೋಲೊಪ್ಪಿ ರಾಜನನ್ನು ಮಲಗಿಸಿ ಅವರ ಕೈ ಹಿಡಿದುಕೊಂಡೆ.

ಅವರು ಬಹುಮಾನದ ಕಪ್ಪಿನ ಕಡೆಗೂ ನೋಡಲಿಲ್ಲ. "ಯಾರ್ರಿ, ಅಜ್ಜಾರಾ? ಏನ್ರಿ ಅವರ ಹೆಸರು?" ಎಂದು ಕೇಳಿದರು.

ಮುಂಬಯಿಯ ಮೂವತ್ತು ವರ್ಷಗಳಲ್ಲಿ ಯಾರೂ ನನ್ನನ್ನು ಅಜ್ಜನ ಹೆಸರು ಕೇಳಿರಲಿಲ್ಲ. ಎಲ್ಲರಿಗೂ ಕೇಳಿಸುವಂತೆ ಹೇಳಿದೆ.