ಕಾಟಮ್ಮ ತುಂಬಿಸಿದ ಕಟ್ಟೆ

ಬುಕ್ಕಾಪಟ್ಟಣದ ಆಚೆಗಿರುವ ಆ ಸಣ್ಣ ಊರಿನಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಅಂಗಳಕ್ಕೆ ರಂಗೋಲಿ ಬಿಡಲು ಕಾಟಮ್ಮನೇ ಬೇಕು. ನಿಡುಗಲ್ ಕಡೆಯಿಂದ ಸೊಸೆಯಾಗಿ ಬಂದವಳು. ಗಾಬರಿಯಾದರೆ ಮಾತ್ರ ತವರಿನ ತೆಲುಗು ಬಾಯಿಗೆ ಬರುತ್ತದೆ. ಎರಡು ಎಮ್ಮೆ, ಒಂದಿಷ್ಟು ಕಡಲೆಕಾಯಿ ಹೊಲ, ಬೆರಳ ತುದಿಯಲ್ಲಿ ಸದಾ ಬಿಳಿ ಪುಡಿ.

ಈಚೆಗೆ ಅವಳಿಗೆ ಒಂದೇ ಹಂಬಲ, ಊರ ಕಟ್ಟೆಯ ಹೂಳು ತೆಗೆಸಬೇಕು. ಮಳೆ ಈಗ ಮೊದಲಿನ ಹಾಗೆ ಬರುವುದಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದೆ ಒಂದು ದಿನ ಧೋ ಎಂದು ಸುರಿಯುತ್ತದೆ. ಆ ನೀರು ಹೂಳು ತುಂಬಿದ ಕಟ್ಟೆಯಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಎಮ್ಮೆಗಳಿಗೆ ನೀರು ಕುಡಿಸಲು ಕಾಟಮ್ಮ ದಿನವೂ ಪಕ್ಕದ ಊರಿನ ತೊಟ್ಟಿಗೆ ನಡೆಯಬೇಕು.

ಹವಾಮಾನ ಬದಲಾವಣೆ ಎದುರಿಸಲು ಸರ್ಕಾರ ಯೋಜನೆ ಮಾಡುತ್ತಿದೆ, ಅದಕ್ಕೆ ಊರಿನವರ ಮಾತೂ ಬೇಕು ಎಂದು ಶಶಿರೇಖಾ ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ಶಾಲೆಯ ಅಂಗಳದಲ್ಲಿ ಹೆಂಗಸರನ್ನು ಸೇರಿಸಿ, "ನಿಮ್ಮ ಊರನ್ನ ರಂಗೋಲಿಯಲ್ಲೇ ಬಿಡಿಸಿ. ಏನು ಕೊರತೆ ಇದೆಯೋ ನೋಡಿ ಬರ್ಕೊಳ್ತೀನಿ" ಎಂದರು.

ಕಾಟಮ್ಮ ಸೆರಗು ಸಿಕ್ಕಿಸಿ ಕೂತಳು. ಬೀದಿ, ಗುಡಿ, ಮಸೀದಿ, ಹೊಲ ಎಲ್ಲ ಮೂಡಿದವು. ಕೊನೆಗೆ ಕಟ್ಟೆ. ಅದಕ್ಕೆ ನೀಲಿ ಪುಡಿಯ ಅಲೆ, ತಾವರೆ, ಜೋಡಿ ಮೀನು. ದಂಡೆಗೆ ಅರಿಶಿನ ಕುಂಕುಮ.

ಶಶಿರೇಖಾ ಫೋಟೋ ತೆಗೆದರು. "ಪರವಾಗಿಲ್ಲ, ನಿಮ್ಮ ಕಟ್ಟೆ ತುಂಬಿದೆ. ಹೂಳು ತೆಗೆಯೋದಕ್ಕೆ ಬೇರೆ ಊರು ಸೇರಿಸ್ತೀನಿ."

"ಅಯ್ಯೋ, ಇದೇಂ ಕರ್ಮಮ್ಮಾ!" ಕಾಟಮ್ಮ ಎದ್ದೇಬಿಟ್ಟಳು. "ತೊಟ್ಟು ನೀರಿಲ್ಲ ಕಣಮ್ಮ ಅದ್ರಾಗೆ!"

"ಮತ್ತೆ ಇಷ್ಟು ನೀರು ಯಾಕೆ ಬರೆದ್ರಿ?"

"ರಂಗೋಲಿನಾಗೆ ಬತ್ತಿದ ಕಟ್ಟೆ ಬರೀತಾರಾ? ಗಂಗಮ್ಮನ ಜಾಗ. ಒಳ್ಳೇದಾಯ್ತದಾ?"

"ಸರಿ, ನೀರು ಅಳಿಸಿಬಿಡಿ. ಇನ್ನೊಂದು ಫೋಟೋ ತೆಗೀತೀನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಅರಿಶಿನ ಕುಂಕುಮ ಇಟ್ಟ ಗಂಗಮ್ಮನನ್ನು ಒರೆಸುವುದು ಹೇಗೆ? ನೆರೆಮನೆಯ ಚಿಕ್ಕಹನುಮಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, "ಬರ್ದೋಳೇ ಅಳಿಸ್ಲಿ ಬುಡು" ಎಂದಳು.

ಕಾಟಮ್ಮ ಬಗ್ಗಿದಳು. ಬೆರಳು ತಾವರೆಯ ಹತ್ತಿರ ಹೋಗಿ ಹಿಂದೆ ಬಂತು. ಸರಕ್ಕನೆ ಎದ್ದು ಅಧಿಕಾರಿಯ ಕೈಯನ್ನೇ ಹಿಡಿದಳು. "ನಡೀರಮ್ಮ, ಇಲ್ಲೇ ಐತೆ. ಕಣ್ಣಾರೆ ನೋಡ್ಬುಡ್ರಿ."

ಕಟ್ಟೆಯ ನಟ್ಟನಡುವೆ ಚಾಪೆ ಹಾಸಿ ಅವಳ ಗೆಳತಿ ಸಾಬೀರಾ ಹುಣಸೆಹಣ್ಣು ಒಣಗಿಸುತ್ತಿದ್ದಳು. "ಏನ್ ಕಾಟಕ್ಕ, ಮೇಡಂಗೆ ಈಜು ಕಲಿಸಾಕೆ ಕರ್ಕೊಂಡ್ ಬಂದ್ಯಾ?"

ಶಶಿರೇಖಾ ನಕ್ಕುಬಿಟ್ಟರು. ಹುಣಸೆಹಣ್ಣಿನ ಸಮೇತ ಕಟ್ಟೆಯ ಫೋಟೋ ತೆಗೆದು, ಅಲ್ಲೇ ನಿಂತು ಊರಿನ ಹೆಸರು ಬರೆದುಕೊಂಡರು. "ಯೋಜನೆಗೆ ಸೇರಿಸ್ತೀನಿ. ಕೆಲಸ ಯಾವಾಗ ಶುರುವಾಗುತ್ತೋ, ಅದು ಮಾತ್ರ ನಾನು ಹೇಳಲಾರೆ."

"ಹೆಸರು ಸೇರ್ತಲ್ಲ, ಸದ್ಯಕ್ಕೆ ಅಷ್ಟೇ ಸಾಕು." ಕಾಟಮ್ಮ ಬಿರುಕುಬಿಟ್ಟ ನೆಲಕ್ಕೆ ಕೈಮುಗಿದು, ಸಾಬೀರಾಳತ್ತ ತಿರುಗಿದಳು. "ಕೇಳಿಸ್ತಾ? ಬ್ಯಾರೆ ಜಾಗ ನೋಡ್ಕೋ."

"ಅಲ್ಲಾ ನಡೆಸ್ಕೊಡ್ಲಿ! ನಂಗೆ ಮಾಳಿಗೆ ಐತೆ, ಅಲ್ಲಿ ಒಣಗಿಸ್ಕೊಂತೀನಿ. ನೀನು ಎಮ್ಮೆ ಹೊಡ್ಕೊಂಡು ಬಾ."