ಮೊಟ್ಟೆಯೊಳಗಿನ ಜೀವ ನೋಡುವ ಬೀರಮ್ಮ

ಶ್ರೀರಾಂಪುರದ ಸಾಕಮ್ಮನವರ ಬಚ್ಚಲುಮನೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬೀರಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಟಾರ್ಚಿನ ಬಾಯಿಗೆ ರಟ್ಟು ಕಟ್ಟಿ, ನಡುವೆ ಸಣ್ಣ ತೂತು ಕೊರೆದಿದ್ದಾರೆ. ಮೊಟ್ಟೆಯ ದಪ್ಪ ತುದಿಯನ್ನು ಅದರ ಮೇಲಿಟ್ಟರೆ ಇಡೀ ಮೊಟ್ಟೆ ಕೆಂಪಗೆ ಬೆಳಗುತ್ತದೆ. ಕಾವಿಗೆ ಕೂತ ಹೇಟೆ ಕೋಳಿ ಕಾಳು ತಿನ್ನಲು ಹಿತ್ತಲಿಗೆ ಇಳಿದಿದೆ. ಅದು ವಾಪಸು ಬರುವುದರೊಳಗೆ ಕೆಲಸ ಮುಗಿಯಬೇಕು.

ಬಾಗಿಲ ಹೊರಗೆ ನಿಂತ ಸಾಕಮ್ಮನವರಿಗೆ ಸಮಾಧಾನವಿಲ್ಲ. ಅತ್ತೆಯ ಕಾಲದಿಂದ ಅವರ ಮನೆಯಲ್ಲಿ ಇದ್ದದ್ದು ಕರಿ ಕೋಳಿಗಳು. ಹೋದ ತಿಂಗಳು ಬೀದಿನಾಯಿಗಳು ಗೂಡಿಗೆ ನುಗ್ಗಿ ಒಂದನ್ನೂ ಉಳಿಸಲಿಲ್ಲ. ಉಳಿದದ್ದು ತೌಡಿನಲ್ಲಿ ಎತ್ತಿಟ್ಟಿದ್ದ ಮೊಟ್ಟೆಗಳಷ್ಟೇ. ಪಕ್ಕದ ಮನೆಯ ಚಿಕ್ಕಬಸವಯ್ಯನವರ ಕೆಂಪು ಹೇಟೆಯನ್ನು ಕೇಳಿ ತಂದು ಕಾವಿಗೆ ಕೂರಿಸಿದ್ದಾರೆ. ಇವು ಮರಿಯಾಗದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು.

"ಸಾಕಮ್ಮ, ಇವನ್ನ ಕಿವಿ ಹತ್ರ ಇಟ್ಕಂಡು ಕುಲುಕ್ದ್ಯಾ?" ಮೊದಲ ಮೊಟ್ಟೆ ನೋಡಿದವರೇ ಒಳಗಿನಿಂದಲೇ ಬೀರಮ್ಮ ಕೇಳುತ್ತಾರೆ.

"ಕೆಟ್ಟೋಗಿದ್ರೆ ಗುಳುಗುಳು ಅಂತದಲ್ಲ, ಅದ್ಕೆ ನೋಡ್ದೆ ಕಣಕ್ಕ. ದಿನಾ ಇಲ್ಲ, ಆಗಾಗ."

"ಆಗಾಗ! ತೊಟ್ಲಲ್ಲಿರೋ ಕೂಸು ಉಸಿರಾಡ್ತದಾ ಅಂತ ಕಾಲು ಹಿಡ್ದು ಒದರ್ತೀಯಾ? ಕೈ ಸುಮ್ಕಿರಾಕಿಲ್ವಲ್ಲ ನಿಂಗೆ."

ಕೋಳಿ ಸಾಕಿದ ಮನೆಗಳಲ್ಲೆಲ್ಲ ಈ ತಪ್ಪು ನಡೆಯುತ್ತದೆ. ಕೊಳೆತ ಮೊಟ್ಟೆ ಸದ್ದು ಮಾಡುವುದು ನಿಜ. ಆದರೆ ಆಗಷ್ಟೇ ಎಳೆ ಕಟ್ಟುತ್ತಿರುವ ಮೊಟ್ಟೆಯನ್ನು ಕುಲುಕಿದರೆ ಒಳಗಿನ ರಕ್ತದ ಎಳೆ ಕಿತ್ತುಹೋಗುತ್ತದೆ. ಜೀವ ಇದ್ದರೆ ಜೇಡನ ಕಾಲಿನಂತೆ ಕೆಂಪು ಎಳೆಗಳು ಹರಡಿರುತ್ತವೆ. ಸತ್ತಿದ್ದರೆ ಎಳೆಗಳಿಲ್ಲ, ಚಿಪ್ಪಿಗೆ ಅಂಟಿದ ಒಂದು ಕೆಂಪು ಬಳೆ ಮಾತ್ರ.

ಬೀರಮ್ಮ ಇದನ್ನು ಕಲಿತದ್ದು ತವರೂರು ಮಂಡಕಳ್ಳಿಯಲ್ಲಿ, ತಾಯಿಯ ಬುಡ್ಡಿದೀಪದ ಮುಂದೆ. ಮದುವೆಯಾಗಿ ನಗರಕ್ಕೆ ಬಂದವರು ಈಗ ಕೃಷ್ಣಮೂರ್ತಿಪುರಂನ ಛತ್ರವೊಂದರಲ್ಲಿ ಪಾತ್ರೆ ತೊಳೆಯುತ್ತಾರೆ. ಲಗ್ನದ ದಿನಗಳಲ್ಲಿ ಸೊಂಟ ನೆಟ್ಟಗಾಗುವುದು ಮಧ್ಯಾಹ್ನದ ಮೇಲೆಯೇ. ಆ ಕೆಲಸಕ್ಕೆ ಹೋಗುವ ಮುಂಚೆ, ಯಾರು ಹೇಳಿಕಳಿಸಿದರೂ ಟಾರ್ಚು ಹಿಡಿದು ಬರುತ್ತಾರೆ. ಬಡಾವಣೆಗಳು ಬೆಳೆದಂತೆ ಹಿತ್ತಲುಗಳು ಸೈಟುಗಳಾಗಿವೆ, ಕರೆಯುವ ಮನೆಗಳೂ ಕಡಿಮೆಯಾಗಿವೆ. ಬೀರಮ್ಮನವರ ಹತ್ತಿರವೇ ಒಂದೂ ಕೋಳಿ ಇಲ್ಲ. "ಬಾಡಿಗೆ ಮನೇಲಿ ಓನರ್ರು ಬ್ಯಾಡ ಅಂದ್ಬುಟ್ರು. ಗಲೀಜಾಯ್ತದಂತೆ," ಎನ್ನುತ್ತಾರೆ, ಟಾರ್ಚಿನಿಂದ ಕಣ್ಣೆತ್ತದೆ.

ಮೊದಲ ಮೊಟ್ಟೆಯಲ್ಲಿ ಕಂಡದ್ದು ಆ ಬಳೆಯೇ. ಎರಡನೆಯದರಲ್ಲೂ ಅದೇ. ಮುಂದಿನದು ತಿಳಿಯಾಗಿದೆ, ಜೀವವೇ ಕಟ್ಟಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಸಾಕಮ್ಮ ಸೆರಗನ್ನು ಬಾಯಿಗೊತ್ತಿಕೊಳ್ಳುತ್ತಾರೆ. ಬುಟ್ಟಿಯ ತಳದಲ್ಲಿದ್ದ ಒಂದನ್ನು ಬೀರಮ್ಮ ತುಂಬ ಹೊತ್ತು ನೋಡುತ್ತಾರೆ. ಮೆಲ್ಲಗೆ ತಿರುಗಿಸುತ್ತಾರೆ.

"ಬಾ ಇಲ್ಲಿ. ಮುಟ್ಬ್ಯಾಡ, ನೋಡು."

ಕೆಂಪು ಎಳೆಗಳ ನಡುವೆ ಕಪ್ಪು ಚುಕ್ಕೆಯೊಂದು ಮಿಸುಕುತ್ತಿದೆ. ಅದರ ಪಕ್ಕದ್ದರಲ್ಲೂ. ಕೊನೆಗೆ ನಾಲ್ಕು ಮೊಟ್ಟೆಗಳು ಹೇಟೆಯ ಕೆಳಗೆ ವಾಪಸು ಹೋಗುತ್ತವೆ.

"ಇವೂ ಹೋಗ್ಬುಟ್ಟಿದ್ರೆ ಅತ್ತೆ ಫೋಟೋ ಮುಂದೆ ಎಂಗೆ ನಿಲ್ಲಾದು ಅಂತಿದ್ದೆ," ಎನ್ನುತ್ತಾರೆ ಸಾಕಮ್ಮ. "ಮರಿ ಆದ್ರೆ ಒಂದು ನಿಂದೇ ಕಣಕ್ಕ."

"ಎಲ್ಲಿ ಬುಡ್ಲಿ ತಾಯಿ ಅದನ್ನ? ನಿನ್ತಾವೇ ಇರ್ಲಿ." ಟಾರ್ಚನ್ನು ಚೀಲಕ್ಕೆ ಹಾಕಿಕೊಂಡು ಬೀರಮ್ಮ ಏಳುತ್ತಾರೆ. ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. "ಮರಿ ಹೊರಗ್ ಬಂದ ದಿನ ಹೇಳ್ಕಳ್ಸು, ಅಷ್ಟೇ. ಮೊಟ್ಟೆ ಒಳಗಿರೋವಾಗ ನೋಡಾಕೆ ಎಲ್ರೂ ಕರೀತಾರೆ. ನಡೆದಾಡೋವಾಗ ನೋಡು ಬಾ ಅಂತ ಯಾರೂ ಕರೆಯಾಕಿಲ್ಲ ಕಣವ್ವ."