ಹಗ್ಗ ತಿರುಗಿಸುವ ಸಹನಾ

ಹುಬ್ಬಳ್ಳಿಯಿಂದ ಎಂಟು ಗಂಟೆಗೆ ಹೊರಟೆ. ಧಾರವಾಡದಲ್ಲಿ ಮಂಡಕ್ಕಿಯ ಗಿರ್ಮಿಟ್ ಕಟ್ಟಿಸಿಕೊಂಡು ಗರಗದ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಸೀಟು ಮಾತ್ರ ಸಿಗಲಿಲ್ಲ. ಅಂದು ಜಿಟಿಜಿಟಿ ಮಳೆ ಇತ್ತೆಂದು ನನ್ನ ನೆನಪು. ಟಿಪ್ಪಣಿ ಪುಸ್ತಕದಲ್ಲಿ ‘ಬಿಸಿಲು’ ಎಂದಿದೆ.

ಆಟಿಸಂ ಇರುವ ಮಕ್ಕಳು ಶಾಲೆಯಲ್ಲಿ ಉಳಿದವರೊಡನೆ ಹೇಗೆ ಬೆರೆಯುತ್ತಾರೆಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಅಂದು ನೋಡಬೇಕಾದವಳು ಗರಗದ ಶಾಲೆಯ ಮೂರನೆಯ ತರಗತಿಯ ಸಹನಾ. ವರದಿ ಚೆನ್ನಾಗಿ ಬರದಿದ್ದರೆ ಅವಳನ್ನು ಮನೆಯಲ್ಲೇ ಇರಿಸಿ ಪಾಠ ಹೇಳಿಸಬೇಕೆಂದು ಹೆಡ್‌ಮಾಸ್ತರರ ವಿಚಾರ. ಅವಳ ತಾಯಿ, ಖಾದಿ ಕೇಂದ್ರದಲ್ಲಿ ನೂಲುವ ನೀಲವ್ವ, ಗೇಟಿನಲ್ಲೇ ನನ್ನನ್ನು ತಡೆದರು. "ಆಕಿನ್ನ ಸಾಲಿ ಬಿಡಸಬ್ಯಾಡ್ರಿ ಅಕ್ಕೋರ."

ಶಾಲೆಯ ಕೋಣೆಯೊಂದರಲ್ಲಿ ಅವಳನ್ನು ಕೂರಿಸಿ ಚೆಂಡು ಉರುಳಿಸಿದೆ, ಸಹನಾ ಮುಟ್ಟಲಿಲ್ಲ. ಮುಖ ನೋಡಲಿಲ್ಲ, ನಮಸ್ಕಾರಕ್ಕೆ ನಮಸ್ಕಾರವಿಲ್ಲ. ವರದಿಯ ಅಚ್ಚಾದ ನಮೂನೆಯ ಸಾಲು ಸಾಲಿಗೂ ‘ಇಲ್ಲ’ ಎಂದು ಬರೆದೆ. ಕಿಟಕಿಯಲ್ಲಿ ಇಣುಕುತ್ತಿದ್ದ ಅವಳ ಗೆಳತಿ ನಕ್ಕಳು. "ಚೆಂಡು ಯಾಕ ಕೊಡ್ತೀರಿ ಅಕ್ಕೋರ? ಹಗ್ಗಾ ಕೊಟ್ಟು ನೋಡ್ರಿ!"

ಊಟದ ಬಿಡುವಿನಲ್ಲಿ ನೋಡಿದೆ. ಜಿಗಿಯುವ ಹಗ್ಗದ ಒಂದು ತುದಿ ಆ ಗೆಳತಿಯ ಕೈಯಲ್ಲಿ, ಇನ್ನೊಂದು ಸಹನಾಳ ಕೈಯಲ್ಲಿ. ಸಹನಾ ಇಲ್ಲೂ ಯಾರ ಮುಖವನ್ನೂ ನೋಡಲಿಲ್ಲ, ಕಾಲುಗಳನ್ನು ನೋಡುತ್ತಿದ್ದಳು. ದೊಡ್ಡ ಹುಡುಗಿ ಒಳಬಂದರೆ ಹಗ್ಗ ಬಿರುಸು. ಒಂದನೆಯ ತರಗತಿಯ ಸವಿತಾ ಬಂದಾಗ ನಿಧಾನವಾಯಿತು. ಅವಳು ಎಡವುವ ಮೊದಲೇ ನೆಲಕ್ಕಿಳಿಯಿತು. ಧೂಳೆದ್ದಿತು. ಹಾಗಾದರೆ ಟಿಪ್ಪಣಿ ಪುಸ್ತಕವೇ ಸರಿ, ಮಳೆ ಇರಲಿಲ್ಲ.

"ಸಹನಾ ತಿರುವಿದ್ರ ಯಾರೂ ಬೀಳಂಗಿಲ್ರಿ," ಎಂದಳು ಗೆಳತಿ.

ಹೆಡ್‌ಮಾಸ್ತರರನ್ನು ಕರೆದು ತೋರಿಸಿದೆ. "ಇದು ನಿಮ್ಮ ನಮೂನ್ಯಾಗ ಎಲ್ಲೈತ್ರಿ ಮೇಡಂ?" ಎಂದರು.

"ಇಲ್ರಿ ಸರ್. ನೀವ ಒಂದ್ ತುದಿ ಹಿಡೀರಿ."

ಅವರು ಗೆಳತಿಯ ಕೈಯಲ್ಲಿದ್ದ ತುದಿ ಹಿಡಿದು ಭರದಿಂದ ತಿರುಗಿಸಿದರು. ಸವಿತಾಳ ಕಾಲು ತೊಡರಿತು. ಸಹನಾ ಹಗ್ಗವನ್ನು ನೆಲಕ್ಕೆ ಒತ್ತಿ ಹಿಡಿದು, ಅಂದಿನ ಮೊದಲ ಮಾತು ಆಡಿದಳು. "ಸಾವಕಾಶ ತಿರುವ್ರಿ. ಸವಿತಾ ಸಣ್ಣಾಕಿ ಅದಾಳ."

ಮಕ್ಕಳು ಹೋ ಎಂದರು. ಹೆಡ್‌ಮಾಸ್ತರರು ಕೆಂಪಾದರು, ಆದರೆ ಸಾವಕಾಶ ತಿರುಗಿಸಿದರು.

‘ಇಲ್ಲ’ಗಳನ್ನು ನಾನು ಅಳಿಸಲಿಲ್ಲ, ಅವೂ ನಿಜ. ಕೆಳಗೆ ಬರೆದೆ: ‘ಜೊತೆಯವರ ಶಕ್ತಿ ಅರಿತು ನಡೆಯುತ್ತಾಳೆ. ಇದೇ ತರಗತಿಯಲ್ಲಿರಲಿ.’ ಹೆಡ್‌ಮಾಸ್ತರರು ಎರಡು ಸಲ ಓದಿ ಸಹಿ ಹಾಕಿದರು. "ನನಗ ಪಾಠಾ ಹೇಳಿದಾಕಿನ್ನ ಮನಿಗೆ ಹ್ಯಾಂಗ ಕಳಸ್ಲಿ?"

ಬಸ್ ನಿಲ್ದಾಣಕ್ಕೆ ಬಂದ ನೀಲವ್ವನಿಗೆ ಎಲ್ಲ ಹೇಳಿದೆ. "ಖರೇನ? ಹೆಡ್‌ಮಾಸ್ತರಗ ಸಾವಕಾಶ ಅಂದ್ಲ?" ಎಂದು ಮೂರು ಸಲ ಕೇಳಿದರು. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ನೀಲವ್ವ ಹಣ್ಣಿನ ಗಾಡಿಯವಳಿಗೆ ಏನೋ ಹೇಳುತ್ತಿದ್ದರು. ಅವರ ಬಲಗೈ ಗಾಳಿಯಲ್ಲಿ ಹಗ್ಗ ತಿರುಗಿಸುತ್ತಿತ್ತು.